ಹೋಲಿಕೆ ಬೇರೆ, ನೆಂಟಸ್ತಿಕೆ ಬೇರೆ

ಕೈರಂಪಣಿ ಬಲೆ ದಡಕ್ಕೆ ಬಂದಾಗ ಮೊದಲು ಕಾಣುವುದು ಬೆಳ್ಳಿ ಬಣ್ಣದ ಮಿಡುಕಾಟ. ಭೂತಾಯಿ, ಬಂಗುಡೆ, ಸೀಗಡಿ, ಏಡಿಗಳ ರಾಶಿಯಲ್ಲಿ ಒಮ್ಮೊಮ್ಮೆ ಉದ್ದನೆಯದೊಂದು ಹೊರಳುತ್ತದೆ. ಬಲೆ ಎಳೆದವರಲ್ಲಿ ಒಬ್ಬರು ಹಾವುಮೀನು ಅನ್ನುತ್ತಾರೆ, ಇನ್ನೊಬ್ಬರು ಕಡಲ ಹಾವು ಅನ್ನುತ್ತಾರೆ. ಮೂರನೆಯವರು ಮಾತಿಗೆ ನಿಲ್ಲದೆ ಕೋಲಿನ ತುದಿಯಲ್ಲಿ ಎತ್ತಿ ನೀರಿಗೆ ಎಸೆಯುತ್ತಾರೆ. ಮೀನು ಆರಿಸುವ ಕೆಲಸ ಮುಂದುವರಿಯುತ್ತದೆ. ಎಸೆದದ್ದು ಏನು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

ಅಪರಿಚಿತರು ಜಗಲಿಗೆ ಬಂದರೆ ನಮ್ಮ ಊರುಗಳಲ್ಲಿ ಎರಡು ಪ್ರಶ್ನೆ ಕೇಳುವುದು ವಾಡಿಕೆ. ‘ಯಾರು ನೀವು?’ ಎಂಬುದು ಒಂದು. ‘ಯಾರ ಪೈಕಿ?’ ಎಂಬುದು ಇನ್ನೊಂದು. ಮುಖ ಪರಿಚಯವಿದ್ದರೆ ಮೊದಲನೆಯದನ್ನು ಕೇಳಬೇಕಾಗಿಯೇ ಇಲ್ಲ. ಎರಡನೆಯದಕ್ಕೆ ಅಜ್ಜ ಮುತ್ತಜ್ಜರ ಕತೆ ಬಿಚ್ಚಬೇಕು. ಜೀವಿಗಳ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಕೊಡುವುದು ಗುರುತಿಸುವಿಕೆ, ಎರಡನೆಯದಕ್ಕೆ ಉತ್ತರ ಹುಡುಕುವುದು ವರ್ಗೀಕರಣ. ನಮಗೆ ದಿನವೂ ಕಾಣುವ ಪ್ರಾಣಿಗಳಲ್ಲಿ ಈ ಎರಡು ಉತ್ತರಗಳು ಬಹುಮಟ್ಟಿಗೆ ಜೊತೆಯಲ್ಲೇ ನಡೆಯುತ್ತವೆ. ಬೆಕ್ಕಿನ ಮುಖ ನೋಡಿದವರಿಗೆ ಹುಲಿಯ ಬಳಗ ಯಾವುದೆಂದು ಊಹಿಸುವುದು ಕಷ್ಟವಲ್ಲ. ಕಡಲ ಹಾವುಗಳ ಲೋಕದಲ್ಲಿ ಮಾತ್ರ ಮುಖ ಒಂದು ದಿಕ್ಕು ತೋರಿಸಿದರೆ ವಂಶ ಮತ್ತೊಂದು ದಿಕ್ಕು ತೋರಿಸುತ್ತದೆ.

ಹಾಗಾಗಿ ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿಯೇ ಮಾಡಬೇಕು, ಒಂದರ ಹೊರೆಯನ್ನು ಇನ್ನೊಂದರ ತಲೆಗೆ ಹೊರಿಸಬಾರದು ಎಂಬುದು ನನ್ನ ವಾದ. ಹೊರಿಸಿದಾಗಲೆಲ್ಲ ವಿಜ್ಞಾನ ಎಡವಿದೆ, ಕಾನೂನಿನ ಪಟ್ಟಿಯೂ ಎಡವಿದೆ. ಈ ಎರಡು ಕೆಲಸಗಳಲ್ಲಿ ನಾವು ಹೆಚ್ಚು ಅಲಕ್ಷಿಸಿರುವುದು ಬಲೆಯ ಬಳಿ, ದಕ್ಕೆಯ ಮೇಲೆ, ಬೆಳಕಿರುವಾಗಲೇ ನಡೆಯಬಹುದಾದ ಗುರುತಿಸುವಿಕೆಯನ್ನು.

ಗುರುತಿನಿಂದಲೇ ಆರಂಭಿಸೋಣ. ಬಲೆಯಲ್ಲಿ ಹೊರಳಿದ್ದು ಹಾವೋ ಮೀನೋ ಎಂದು ತಿಳಿಯಲು ಹೆಚ್ಚು ವಿದ್ಯೆ ಬೇಡ. ತಲೆಯ ಹಿಂದೆ ಕಿವಿರಿನ ತೂತು ಇದ್ದು, ಚರ್ಮ ಲೋಳೆಯಾಗಿ ಜಾರುತ್ತಿದ್ದು, ಬೆನ್ನಿನುದ್ದಕ್ಕೂ ಈಜುರೆಕ್ಕೆಯ ಪಟ್ಟಿ ಹರಿದಿದ್ದರೆ ಅದು ಹಾವುಮೀನು. ಮೈತುಂಬ ಹುರುಪೆ ಇದ್ದು, ಕಿವಿರಿಲ್ಲದೆ, ಉಸಿರಿಗಾಗಿ ಮೂತಿ ಮೇಲೆತ್ತಿದರೆ ಹಾವು. ಅದರ ಬಾಲ ದೋಣಿಯ ಹುಟ್ಟಿನಂತೆ ಎರಡೂ ಬದಿಯಿಂದ ಚಪ್ಪಟೆಯಾಗಿದ್ದರೆ ಕಡಲ ಹಾವು. ಅಳಿವೆಯ ಬಳಿ, ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಸಿಗುವ ಹಾವುಗಳಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಅಲ್ಲಿ ಸೆರ್ಬೆರಸ್ ಎಂಬ ಹಾವಿದೆ. ಉಪ್ಪುನೀರಿನ ಕೆಸರಿನಲ್ಲಿ ಮೀನು ಹಿಡಿಯುವ ಅದರ ಕಣ್ಣುಗಳು ಮೇಲ್ಮುಖವಾಗಿವೆ, ಆದರೆ ಬಾಲ ಗುಂಡಗಿದೆ. ಅದರ ಸೌಮ್ಯ ವಿಷ ಮನುಷ್ಯರಿಗೆ ಅಪಾಯಕಾರಿಯಲ್ಲ. ಇನ್ನೊಂದು ಅಕ್ರೊಕಾರ್ಡಸ್. ಕಬ್ಬಿಣ ಉಜ್ಜುವ ಅರದಷ್ಟು ಒರಟು ಚರ್ಮ, ದೊಗಲೆ ಅಂಗಿ ತೊಟ್ಟಂಥ ಮೈ, ತುಸು ಚಪ್ಪಟೆಯಾದ ಬಾಲ. ಕಪ್ಪು ಬಿಳಿ ಪಟ್ಟೆ ಇರುವುದರಿಂದ ಕಡಲ ಹಾವೆಂದೇ ಭಾವಿಸಿ ಅದನ್ನು ಕೊಲ್ಲುವುದುಂಟು. ಅದಕ್ಕೆ ವಿಷವೇ ಇಲ್ಲ. ಈ ಎರಡೂ ಕಡಲ ಹಾವುಗಳಿಗೆ ನೆರೆಹೊರೆಯವು ಹೊರತು ನೆಂಟರಲ್ಲ.

ನೆಂಟಸ್ತಿಕೆಯ ತೊಡಕು ಶುರುವಾಗುವುದು ಚಪ್ಪಟೆ ಬಾಲದ ಹಾವುಗಳ ಒಳಗೇ. ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ ಸೀ ಕ್ರೇಟ್ ಎಂದು ಕರೆಯುವ, ಲ್ಯಾಟಿಕಾಡ ಕುಲಕ್ಕೆ ಸೇರಿದ ಹಾವುಗಳಿವೆ. ನೀಲಿ ಮೈಗೆ ಕಪ್ಪು ಬಳೆ ತೊಡಿಸಿದಂತೆ ಕಾಣುವ ಇವು ಬೇಟೆಗೆ ಕಡಲಿಗಿಳಿಯುತ್ತವೆ. ಆಹಾರ ಜೀರ್ಣಿಸಿಕೊಳ್ಳಲು, ಪೊರೆ ಬಿಡಲು, ಮೊಟ್ಟೆ ಇಡಲು ಬಂಡೆಗಳಿಗೆ ಹತ್ತುತ್ತವೆ. ಬಂಡೆ ಹತ್ತಲು ಹಿಡಿತ ಬೇಕು, ಆ ಹಿಡಿತ ಕೊಡುವ ಅಗಲವಾದ ಹೊಟ್ಟೆಯ ಪಟ್ಟಿಗಳು ನೆಲದ ಹಾವುಗಳಿಗಿರುವಂತೆ ಇವಕ್ಕೂ ಇವೆ. ಮೂಗಿನ ಹೊಳ್ಳೆ ಮೂತಿಯ ಪಕ್ಕದಲ್ಲಿದೆ. ನಮ್ಮ ಅರಬ್ಬಿ ಸಮುದ್ರದ ಬಲೆಗಳಿಗೆ ಬೀಳುವ ಹೈಡ್ರೋಫಿಸ್ ಹಾವುಗಳೋ ನೆಲವನ್ನು ಪೂರ್ತಿ ಬಿಟ್ಟುಕೊಟ್ಟವು. ನೀರಿನಲ್ಲೇ ಮರಿ ಹಾಕುತ್ತವೆ. ಹೊಳ್ಳೆ ಮೂತಿಯ ನೆತ್ತಿಗೆ ಸರಿದಿದೆ, ಅದಕ್ಕೆ ಮುಚ್ಚುವ ಕವಾಟವಿದೆ. ಹೊಟ್ಟೆಯ ಪಟ್ಟಿಗಳು ಕಿರಿದಾಗಿ, ಕೆಲವದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಸವೆದಿವೆ. ದಡಕ್ಕೆ ಬಿದ್ದರೆ ಇವು ಸರಿಯಾಗಿ ತೆವಳಲೂ ಆರವು.

ಎರಡು ಗುಂಪಿಗೂ ಒಂದೇ ಬಗೆಯ ಬಾಲ, ಒಂದೇ ಕಡಲು. ಎರಡೂ ಒಂದೇ ಮನೆಯ ಮಕ್ಕಳೆಂದು ಯಾರಿಗಾದರೂ ಅನಿಸುತ್ತದೆ. ಬಹುಕಾಲ ವಿಜ್ಞಾನಿಗಳೂ ಇವೆರಡನ್ನೂ ಸೇರಿಸಿ ಹೈಡ್ರೋಫಿಡೆ ಎಂಬ ಬೇರೆ ಕುಟುಂಬವನ್ನೇ ಕಟ್ಟಿದ್ದರು. ವಂಶವಾಹಿಗಳನ್ನು ಓದಿದ ಮೇಲೆ ತಿಳಿದ ಕತೆ ಬೇರೆ. ನಾಗರಹಾವು, ಕಟ್ಟುಹಾವುಗಳು ಸೇರಿರುವ ಎಲಾಪಿಡೆ ಕುಟುಂಬದ ಒಳಗೇ ಇವೆರಡೂ ಇವೆ. ಆದರೆ ಒಂದೇ ಬಾಗಿಲಿನಿಂದ ಕಡಲಿಗೆ ಇಳಿದವಲ್ಲ. ಸೀ ಕ್ರೇಟ್‌ಗಳ ಕವಲು ಮೊದಲೇ ಬೇರೆಯಾಗಿ ತನ್ನ ದಾರಿಯಲ್ಲಿ ನೀರು ಸೇರಿತು. ಮರಿ ಹಾಕುವ ಕಡಲ ಹಾವುಗಳು ಆಸ್ಟ್ರೇಲಿಯಾದ ನೆಲದ ಮೇಲಿನ, ಮರಿ ಹಾಕುವ ವಿಷದ ಹಾವುಗಳಿಂದ ಸುಮಾರು 60ರಿಂದ 80 ಲಕ್ಷ ವರ್ಷಗಳ ಹಿಂದೆ ಕವಲೊಡೆದವು. ನೆಲದ ಮೇಲೆ ಇವುಗಳ ಹತ್ತಿರದ ಬಂಧುಗಳು ಇಂದಿಗೂ ಆಸ್ಟ್ರೇಲಿಯಾದ ಟೈಗರ್ ಹಾವಿನ ಬಳಗದಲ್ಲಿವೆ. ಮಲ್ಪೆಯ ಬಲೆಗೆ ಬಿದ್ದ ಕಡಲ ಹಾವಿಗೆ ದಡದ ತೆಂಗಿನ ತೋಟದ ನಾಗರಹಾವು ದೂರದ ದಾಯಾದಿ. ಹತ್ತಿರದ ಸೋದರಸಂಬಂಧಿ ಸಾವಿರಾರು ಮೈಲಿ ಆಚೆ ಇದ್ದಾನೆ. ಹುಟ್ಟಿನಂಥ ಬಾಲ ಎರಡು ಮನೆಗಳಲ್ಲಿ ಎರಡು ಸಲ ಹುಟ್ಟಿತು. ನೀರನ್ನು ತಳ್ಳಲು ಅದಕ್ಕಿಂತ ಒಳ್ಳೆಯ ಆಕಾರ ಇಲ್ಲದ್ದರಿಂದ ಇಬ್ಬರೂ ಅಲ್ಲಿಗೇ ಬಂದು ಮುಟ್ಟಿದರು.

ಬದುಕಿನ ರೀತಿ ಕೊಟ್ಟ ಗುರುತನ್ನು ವಂಶದ ಗುರುತೆಂದು ತಿಳಿಯುವ ತಪ್ಪು ವರ್ಗೀಕರಣದಷ್ಟೇ ಹಳೆಯದು. ಸ್ವೀಡನ್ನಿನ ಲಿನ್ನೇಯಸ್ ಹಾವುಗಳನ್ನು ವಿಂಗಡಿಸಲು ಹೊಟ್ಟೆಯ ಕಡೆ ನೋಡಿದ. ಹೊಟ್ಟೆಯಲ್ಲಿ ಅಗಲ ಪಟ್ಟಿಗಳಿದ್ದರೆ ಕೊಲ್ಯೂಬರ್, ಅಲ್ಲಿಯೂ ಸಣ್ಣ ಹುರುಪೆಗಳೇ ಇದ್ದರೆ ಆಂಗ್ವಿಸ್. 1758ರಲ್ಲಿ ಅವನು ಒಂದು ಸೀ ಕ್ರೇಟ್‌ಗೆ ಹೆಸರಿಟ್ಟಾಗ ಅದು ಕೊಲ್ಯೂಬರ್ ಆಯಿತು. 1766ರಲ್ಲಿ ಹಳದಿ ಹೊಟ್ಟೆಯ ಕಡಲ ಹಾವಿನ ಸರದಿ ಬಂತು. ತೀರಕ್ಕೆ ಬರುವ ಅಗತ್ಯವೇ ಇಲ್ಲದ ಆ ಹಾವಿನ ಹೊಟ್ಟೆಯ ಪಟ್ಟಿಗಳು ಸವೆದುಹೋಗಿದ್ದವು, ಹಾಗಾಗಿ ಅದು ಆಂಗ್ವಿಸ್ ಗುಂಪಿಗೆ ಹೋಯಿತು. ಅದೇ ಗುಂಪಿನಲ್ಲಿ ಯುರೋಪಿನ ಕಾಲಿಲ್ಲದ ಹಲ್ಲಿಯೂ ಮರಳಿನಲ್ಲಿ ಹೂತುಕೊಳ್ಳುವ ಹಾವೂ ಇದ್ದವು. ಸೀ ಕ್ರೇಟ್ ಮತ್ತು ಹಳದಿ ಹೊಟ್ಟೆಯ ಹಾವು ಬೇರೆಬೇರೆ ಕವಲಿನವು ಎಂಬುದು ಇಂದು ನಮಗೂ ಗೊತ್ತು. ಆದರೆ ಲಿನ್ನೇಯಸ್ ಅವನ್ನು ಬೇರ್ಪಡಿಸಿದ ಕಾರಣ ವಂಶವನ್ನು ಮುಟ್ಟಿರಲಿಲ್ಲ. ಉತ್ತರ ತಾಳೆಯಾಯಿತೆಂದು ಲೆಕ್ಕ ಸರಿಯಿತ್ತು ಎನ್ನಲಾಗದು.

ಅವನ ನಂತರ ಕಡಲ ಹಾವುಗಳನ್ನು ಹತ್ತಿರದಿಂದ ನೋಡಿದವರ ಸಾಲಿನಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರಲ್ಲಿ ಮುಖ್ಯರಾದ ಹಲವರು ವೈದ್ಯರು. ಕೊಳಕು ಮಂಡಲದ ಇಂಗ್ಲಿಷ್ ಹೆಸರಿನಲ್ಲಿ ಇಂದಿಗೂ ಉಳಿದಿರುವ ಪ್ಯಾಟ್ರಿಕ್ ರಸೆಲ್ ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗಶಾಸ್ತ್ರಜ್ಞನಾಗಿದ್ದ ವೈದ್ಯ. ಕೋರಮಂಡಲ ತೀರದ ಹಾವುಗಳನ್ನು ಕುರಿತ ಅವನ ಗ್ರಂಥದ ಮೊದಲ ಸಂಪುಟ ಬಂದದ್ದು 1796ರಲ್ಲಿ. 1909ರಲ್ಲಿ ಕಡಲ ಹಾವುಗಳ ಮೇಲೆ ಪ್ರಬಂಧಗ್ರಂಥ ಬರೆದ ಫ್ರಾಂಕ್ ವಾಲ್ ಭಾರತದಲ್ಲಿದ್ದ ಸೇನಾ ವೈದ್ಯ. 1926ರಲ್ಲಿ ಅದೇ ವಿಷಯದ ಮೇಲೆ ಇಂದಿಗೂ ತೆರೆದು ನೋಡುವ ಗ್ರಂಥ ಬರೆದ ಮಾಲ್ಕಮ್ ಸ್ಮಿತ್ ಸಯಾಮಿನ ರಾಜಮನೆತನದ ವೈದ್ಯ. ಯಾವ ಹಾವು ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ ಎಂಬ ಪ್ರಶ್ನೆ ಅವರ ಬಾಗಿಲಿಗೆ ರೋಗಿಯ ರೂಪದಲ್ಲಿ ಬರುತ್ತಿತ್ತು. ಅದಕ್ಕೇ ಅವರು ಹುರುಪೆ ಎಣಿಸಿದರು. ಕುತ್ತಿಗೆಯ ಸುತ್ತ ಎಷ್ಟು ಸಾಲು, ನಡುಮೈ ಸುತ್ತ ಎಷ್ಟು ಸಾಲು, ಹೊಟ್ಟೆಯ ಪಟ್ಟಿ ಎಷ್ಟು, ವಿಷದ ಹಲ್ಲಿನ ಹಿಂದೆ ಎಷ್ಟು ಹಲ್ಲು ಎಂದು ಬರೆದಿಟ್ಟರು. ಅವರ ವರ್ಗೀಕರಣದ ಬಹುಭಾಗ ಇಂದು ಬದಲಾಗಿದೆ. ಎಣಿಕೆಗಳು ಉಳಿದಿವೆ, ಕೈಯಲ್ಲಿ ಹಾವು ಹಿಡಿದವರು ಈಗಲೂ ಅವನ್ನೇ ಬಳಸುತ್ತಾರೆ.

ರಸೆಲ್ ಇನ್ನೊಂದು ಒಳ್ಳೆಯ ಕೆಲಸ ಮಾಡಿದ. ತೀರದ ಜನರ ಬಾಯಲ್ಲಿದ್ದ ಹೆಸರುಗಳನ್ನು ಕೇಳಿದಂತೆ ಬರೆದುಕೊಂಡ. ನಮ್ಮ ತೀರದಲ್ಲೂ ಸಿಗುವ, ಕೊಕ್ಕಿನಂತೆ ಬಾಗಿದ ಮೂತಿಯ ಕಡಲ ಹಾವಿಗೆ ‘ವಲಕಡಿಯನ್’ ಎಂಬ ಹೆಸರು ಇಂಗ್ಲಿಷ್ ಪುಸ್ತಕಗಳಲ್ಲಿ ಇಂದಿಗೂ ಉಳಿದುಬಂದಿದೆ. ತಮಿಳು, ಮಲಯಾಳಂ ಬಲ್ಲವರ ಕಿವಿಗೆ ಅದು ‘ಬಲೆ ಕಡಿಯುವವನು’ ಎಂದೇ ಕೇಳಿಸುತ್ತದೆ. ಕನ್ನಡದ ಬಲೆಗೂ ಕಡಿತಕ್ಕೂ ಅದು ಎಷ್ಟು ಹತ್ತಿರ! ಅಳಿವೆಯ ಕೆಸರುನೀರಿನಲ್ಲಿ ಬಲೆ ಬೀಸುವವರಿಗೆ ಈ ಹಾವು ಎಲ್ಲಿ, ಹೇಗೆ ಎದುರಾಗುತ್ತದೆ ಎಂಬುದೆಲ್ಲ ಆ ಒಂದು ಮಾತಿನಲ್ಲಿದೆ. ಅದು ವಂಶ ಹೇಳುವ ಹೆಸರಲ್ಲ, ಗುರುತು ಹೇಳುವ ಹೆಸರು. ಗುರುತಿನ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತದೆ.

ಇದೇ ಬಲೆ ಕಡಿಯುವವನ ಕತೆ ನನ್ನ ವಾದಕ್ಕೆ ನಡುಗಂಬ. 1803ರಲ್ಲಿ ಫ್ರಾನ್ಸಿನ ದೋದಾನ್ ಇದಕ್ಕೆ ಹೈಡ್ರೋಫಿಸ್ ಶಿಸ್ಟೋಸಸ್ ಎಂದು ಹೆಸರಿಟ್ಟ. ಮುಂದೆ ಇದರ ಗದ್ದವನ್ನು ನೋಡಿದವರಿಗೆ ಇದು ಉಳಿದವುಗಳಿಗಿಂತ ತೀರಾ ಭಿನ್ನವೆನಿಸಿತು. ಬೇರೆ ಕಡಲ ಹಾವುಗಳಲ್ಲಿ ಕೆಳದವಡೆಯ ತುದಿಯ ಹುರುಪೆ ಗಿಡ್ಡಗಿರುತ್ತದೆ. ಇದರಲ್ಲಿ ಅದು ಕಠಾರಿಯ ಅಲಗಿನಂತೆ ಸಪೂರವಾಗಿ, ಉದ್ದವಾಗಿ, ಗದ್ದದ ಸೀಳಿನೊಳಗೆ ಹುದುಗಿದೆ. ಆ ಸೀಳು ಹಿಗ್ಗಿದರೆ ಬಾಯಿ ಬಹಳ ಅಗಲವಾಗಿ ತೆರೆಯುತ್ತದೆ, ಮುಳ್ಳಿನ ಕ್ಯಾಟ್‌ಫಿಶ್ ಕೂಡ ಒಳಗೆ ಹೋಗುತ್ತದೆ. ಇಷ್ಟು ಬೇರೆಯಾದ ಮುಖಕ್ಕೆ ಬೇರೆ ಕುಲವೇ ಬೇಕೆಂದು ಎನ್‌ಹೈಡ್ರಿನ ಎಂಬ ಹೆಸರು ಬಂತು. ನೂರೈವತ್ತಕ್ಕೂ ಹೆಚ್ಚು ವರ್ಷ ಆ ಹೆಸರೇ ನಡೆಯಿತು. ಪರ್ಷಿಯನ್ ಕೊಲ್ಲಿಯಿಂದ ಭಾರತ, ಮಲೇಷ್ಯಾ ದಾಟಿ ಆಸ್ಟ್ರೇಲಿಯಾದವರೆಗೆ ಈ ಒಂದೇ ಹಾವು ಹರಡಿದೆ ಎಂದು ಎಲ್ಲರೂ ನಂಬಿದ್ದರು. ಎಲ್ಲ ಕಡೆ ಅದೇ ಕೊಕ್ಕು, ಅದೇ ಗದ್ದ, ಅದೇ ಕೆಸರು.

2013ರಲ್ಲಿ ಶ್ರೀಲಂಕಾ, ಇಂಡೋನೇಷ್ಯಾ, ಆಸ್ಟ್ರೇಲಿಯಾದ ಸಂಶೋಧಕರು ಸೇರಿ ಈ ಹಾವುಗಳ ವಂಶವಾಹಿಗಳನ್ನು ಹೋಲಿಸಿದರು. ಏಷ್ಯಾದ ಕೊಕ್ಕಿನ ಹಾವು ಮತ್ತು ಆಸ್ಟ್ರೇಲಿಯಾದ ಕೊಕ್ಕಿನ ಹಾವು ಅಣ್ಣತಮ್ಮಂದಿರೇ ಅಲ್ಲ. ಎರಡೂ ಹೈಡ್ರೋಫಿಸ್ ಬಳಗದ ಬೇರೆಬೇರೆ ಕೊಂಬೆಗಳಿಂದ ಬಂದು, ಒಂದೇ ಬಗೆಯ ಅಳಿವೆಗಳಲ್ಲಿ ಒಂದೇ ಬಗೆಯ ಬೇಟೆ ಆಡುತ್ತಾ ಒಂದೇ ಮುಖ ಪಡೆದಿದ್ದವು. ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ನಾವು ವೇದಾಂತದ ಮಾತಿನಲ್ಲಿ ಕೇಳುತ್ತಲೇ ಬೆಳೆದವರು. ಅಲ್ಲಿ ದೀಪ ತಂದರೆ ಭ್ರಾಂತಿ ಹೋಗುತ್ತದೆ. ಇಲ್ಲಿ ದೀಪ ಹಿಡಿದು, ಭೂತಗನ್ನಡಿ ಹಿಡಿದು, ಎರಡು ಶತಮಾನ ನೋಡಿದರೂ ಭ್ರಾಂತಿ ಹೋಗಿರಲಿಲ್ಲ. ಕಣ್ಣಿಗೆ ಕಂಡದ್ದೆಲ್ಲ ನಿಜವೇ ಆಗಿತ್ತು. ಅದರಿಂದ ವಂಶವನ್ನು ಊಹಿಸಿದ್ದು ತಪ್ಪಾಗಿತ್ತು.

ಇದರ ತದ್ವಿರುದ್ಧದ ಪ್ರಸಂಗವೂ ಇದೇ ಬಳಗದಲ್ಲಿದೆ. ಮರಳಿನ ಬಿಲದೊಳಗೆ ಅಡಗಿದ ಹಾವುಮೀನುಗಳನ್ನು ತಿನ್ನುವ ಕೆಲವು ಕಡಲ ಹಾವುಗಳಿಗೆ ತಲೆ ಬೆರಳ ತುದಿಯಷ್ಟು ಚಿಕ್ಕದು, ಕುತ್ತಿಗೆ ಸಪೂರ, ಹಿಂಬದಿ ಮಾತ್ರ ದಪ್ಪ. ಬಿಲದೊಳಗೆ ತಲೆ ತೂರಿಸಿ, ಹೊರಗೆ ಉಳಿದ ಭಾರದ ಬಲದಲ್ಲಿ ಬೇಟೆಯನ್ನು ಎಳೆಯಲು ಹೇಳಿ ಮಾಡಿಸಿದ ಮೈ. ದೊಡ್ಡ ತಲೆಯ ಹೈಡ್ರೋಫಿಸ್ ಸಯನೊಸಿಂಕ್ಟಸ್ ಪಕ್ಕದಲ್ಲಿ ಇಂಥದೊಂದನ್ನು ಇಟ್ಟರೆ ಎರಡೂ ಒಂದೇ ಕುಲದವೆಂದು ಯಾರೂ ಒಪ್ಪಲಾರರು. ಆದರೆ ವಂಶವಾಹಿಗಳ ಪ್ರಕಾರ ಅವುಗಳ ಕೆಲವು ಜೋಡಿಗಳು ಬೇರೆಯಾಗಿ ಸುಮಾರು ಹತ್ತು ಲಕ್ಷ ವರ್ಷವೂ ಆಗಿಲ್ಲ. ಪುಟ್ಟ ತಲೆ ಈ ಬಳಗದಲ್ಲಿ ಹಲವು ಸಲ ಸ್ವತಂತ್ರವಾಗಿ ಹುಟ್ಟಿಕೊಂಡಿದೆ. ಒಂದೇ ಮುಖದ ಇಬ್ಬರು ದೂರದವರು, ಬೇರೆ ಮುಖದ ಇಬ್ಬರು ಹತ್ತಿರದವರು. ಮುಖ ನೋಡಿ ಮಣೆ ಹಾಕಿದ ಹಳೆಯ ಕುಲಪಟ್ಟಿ ಇಂಥ ಕಡೆ ಕುಸಿಯಲೇಬೇಕಿತ್ತು.

ಕುಸಿದದ್ದನ್ನು ಹೇಗೆ ಕಟ್ಟುವುದು ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಸಹಜ. ಕೇಟ್ ಸ್ಯಾಂಡರ್ಸ್ ಮತ್ತು ಸಂಗಡಿಗರು 2013ರಲ್ಲಿ ಎನ್‌ಹೈಡ್ರಿನ, ಪೆಲಾಮಿಸ್, ಲ್ಯಾಪೆಮಿಸ್, ಆಸ್ಟ್ರೋಷಿಯ ಮೊದಲಾದ ಹಲವು ಕುಲಗಳನ್ನು ಹೈಡ್ರೋಫಿಸ್ ಎಂಬ ಒಂದೇ ಕುಲದಲ್ಲಿ ಸೇರಿಸಬೇಕೆಂದರು. ಮರಿ ಹಾಕುವ ಅರವತ್ತಕ್ಕೂ ಹೆಚ್ಚು ಕಡಲ ಹಾವುಗಳಲ್ಲಿ ಮುಕ್ಕಾಲುಪಾಲಿನಷ್ಟು ಹೀಗೆ ಒಂದೇ ಹೆಸರಿನಡಿ ಬಂದವು. ಇದರಿಂದ ಕೆಲವರಿಗೆ ಅಸಮಾಧಾನವಾಯಿತು. ಲ್ಯಾಪೆಮಿಸ್ ಎಂದರೆ ದಪ್ಪ ಮೈ, ಷಟ್ಕೋನದ ಹುರುಪೆ, ಗಂಡಿನ ಹೊಟ್ಟೆಯ ಮೇಲಿನ ಮುಳ್ಳು ಕಣ್ಣಿಗೆ ಕಟ್ಟುತ್ತಿತ್ತು. ಪೆಲಾಮಿಸ್ ಎಂದರೆ ಕಪ್ಪು ಬೆನ್ನು, ಹಳದಿ ಹೊಟ್ಟೆ, ಚುಕ್ಕೆಯ ಬಾಲ. ಎಲ್ಲವನ್ನೂ ಹೈಡ್ರೋಫಿಸ್ ಅಂದರೆ ಹೆಸರು ಏನನ್ನೂ ಚಿತ್ರಿಸುವುದಿಲ್ಲ ಎಂಬ ದೂರು ನ್ಯಾಯವಾದದ್ದೇ.

ಆದರೂ ನಾನು ಸೇರಿಸಿದವರ ಪಕ್ಷ. ಕುಲದ ಹೆಸರು ಹೇಳಬೇಕಾದ್ದು ‘ಯಾರ ಪೈಕಿ’ ಎಂಬುದನ್ನು. ಹೈಡ್ರೋಫಿಸ್ ಮರದ ನಡುವಿನಿಂದ ಎದ್ದು ಕಾಣುವ ನಾಲ್ಕು ಕೊಂಬೆಗಳನ್ನು ಮುರಿದುಕೊಂಡು ಬೇರೆ ಹೆಸರು ಕೊಟ್ಟರೆ, ಉಳಿದ ಹೈಡ್ರೋಫಿಸ್ ಒಂದು ಕುಟುಂಬವಾಗಿ ಉಳಿಯದೆ, ಹೆಸರು ಸಿಗದವರ ರಾಶಿಯಾಗುತ್ತದೆ. ಮನೆಯಲ್ಲಿ ಒಬ್ಬ ಮಗ ಪೈಲ್ವಾನನಾದ ಎಂದು ಅವನ ಮನೆತನದ ಹೆಸರು ಬದಲಿಸುವವರುಂಟೇ? ಅವನ ಮೈಕಟ್ಟು ಹೇಳಲು ಬೇರೆ ಮಾತುಗಳಿವೆ. ಕಣ್ಣಿಗೆ ಕಟ್ಟುವ ಕೆಲಸವನ್ನು ಗುರುತಿನ ಹೆಸರುಗಳು ಮಾಡಲಿ, ಕೊಕ್ಕಿನ ಹಾವು, ಹಳದಿ ಹೊಟ್ಟೆಯ ಹಾವು, ಬಲೆ ಕಡಿಯುವವನು ಎಂದು. ‘ವಿಜ್ಞಾನಿಗಳು ದಿನಕ್ಕೊಂದು ಹೆಸರಿಡುತ್ತಾರೆ, ಯಾವುದನ್ನು ನಂಬುವುದು?’ ಎನ್ನುವವರಿಗೂ ಈ ಹಾವಿನ ಕತೆಯಲ್ಲಿ ಉತ್ತರವಿದೆ. 1803ರ ಹೈಡ್ರೋಫಿಸ್ ಶಿಸ್ಟೋಸಸ್ ಎರಡು ಶತಮಾನ ಸುತ್ತಾಡಿ ಮತ್ತೆ ಅದೇ ಹೆಸರಿಗೆ ಬಂದಿದೆ. ನಡುವಿನ ಅಲೆದಾಟ ವ್ಯರ್ಥವಾಗಲಿಲ್ಲ. ಮೊದಲ ಸಲ ಆ ಹೆಸರು ಊಹೆಯಾಗಿತ್ತು, ಈಗ ಅದಕ್ಕೆ ಸಾಕ್ಷ್ಯವಿದೆ.

ಇಷ್ಟು ಸೂಕ್ಷ್ಮ ಯಾರಿಗೆ ಬೇಕು, ಎಲ್ಲವೂ ವಿಷದ್ದೇ ತಾನೆ, ದೂರವಿದ್ದರಾಯಿತು ಎಂಬ ಆಕ್ಷೇಪ ಮೀನುಗಾರರಿಂದ ಬಂದರೆ ಅದನ್ನು ಗೌರವದಿಂದ ಎದುರುಗೊಳ್ಳಬೇಕು. ದೂರವಿರಬೇಕೆಂಬುದು ಸರಿಯೇ. ಕಡಲ ಹಾವಿನ ಬಾಯಿ ಚಿಕ್ಕದು, ಬೆರಳ ಸಂದಿಗೆ ಬಿಟ್ಟರೆ ಕಚ್ಚಲಾರದು ಎಂಬ ಮಾತು ಸುಳ್ಳು. ಕೊಕ್ಕಿನ ಹಾವಿನ ಬಾಯಿ ಎಷ್ಟು ತೆರೆಯುತ್ತದೆಂದು ಈಗಷ್ಟೇ ನೋಡಿದೆವು. ಆದರೆ ‘ಎಲ್ಲವೂ ಒಂದೇ’ ಎಂಬ ಮಾತು ಚಿಕಿತ್ಸೆಯ ವಿಷಯದಲ್ಲಿ ಅರ್ಧ ನಿಜ, ಅರ್ಧ ಅಪಾಯ. ಮಲೇಷ್ಯಾದ ಪೆನಾಂಗಿನಲ್ಲಿ 1950ರ ದಶಕದಲ್ಲಿ ಮೀನುಗಾರರಿಗೆ ಚಿಕಿತ್ಸೆ ಕೊಟ್ಟ ಅಲಿಸ್ಟೇರ್ ರೀಡ್ ಎಂಬ ವೈದ್ಯರು ಕಡಲ ಹಾವಿನ ವಿಷ ಮನುಷ್ಯರ ಸ್ನಾಯುಗಳನ್ನೇ ಒಡೆಯುತ್ತದೆ ಎಂದು ತೋರಿಸಿಕೊಟ್ಟರು. ಕಚ್ಚಿದ ಕಡೆ ಹೆಚ್ಚು ನೋವಿಲ್ಲ, ಊತವಿಲ್ಲ. ಕೆಲವು ಗಂಟೆಗಳ ಮೇಲೆ ಮೈಕೈ ಬಿಗಿದು ನೋಯುತ್ತದೆ, ಮೂತ್ರ ಕಂದಾಗುತ್ತದೆ, ಮೂತ್ರಪಿಂಡ ಸೋಲಬಹುದು. ನಾಗರಹಾವಿನ ಕಡಿತವನ್ನು ಕಂಡು ಗೊತ್ತಿರುವವರು ಇದನ್ನು ಕಡಿತವೆಂದೇ ಎಣಿಸದೆ ಮನೆಗೆ ಹೋಗಿ ಮಲಗಬಹುದು. ಕಚ್ಚಿದ್ದು ಹಾವುಮೀನಲ್ಲ, ಅಕ್ರೊಕಾರ್ಡಸ್ ಅಲ್ಲ, ಕಡಲ ಹಾವು ಎಂದು ಗುರುತಿಸಿದ ಒಂದು ಮಾತು ಅವರನ್ನು ಹೊತ್ತಿಗೆ ಆಸ್ಪತ್ರೆಗೆ ಮುಟ್ಟಿಸುತ್ತದೆ.

ಇಲ್ಲಿ ವರ್ಗೀಕರಣವೂ ತನ್ನ ಪಾಲಿನ ಕೆಲಸ ಮಾಡಿದೆ. ಆಸ್ಟ್ರೇಲಿಯಾದಲ್ಲಿ ತಯಾರಾಗುವ ಕಡಲ ಹಾವಿನ ಪ್ರತಿವಿಷವನ್ನು ರೂಪಿಸಿದ್ದು ಮಲೇಷ್ಯಾದ ಕೊಕ್ಕಿನ ಹಾವಿನ ವಿಷದಿಂದ. ಅದು ಬೇರೆ ಹಲವು ಕಡಲ ಹಾವುಗಳ ವಿಷವನ್ನೂ ತಡೆಯುತ್ತದೆ. ಒಂದು ಕಾಲಕ್ಕೆ ಟೈಗರ್ ಹಾವಿನ ಪ್ರತಿವಿಷವನ್ನು ಬದಲಿಯಾಗಿ ಬಳಸಿದ್ದೂ ಉಂಟು. ಮೇಲ್ನೋಟಕ್ಕೆ ನೆಲದ ಹಾವಿನ ಮದ್ದು ಕಡಲ ಹಾವಿಗೆ ನಾಟುವುದು ವಿಚಿತ್ರ. ಅವುಗಳ ನೆಂಟಸ್ತಿಕೆ ಗೊತ್ತಿದ್ದವರಿಗೆ ಅದು ನಿರೀಕ್ಷಿತ. ಮು‍ಖ ಎಷ್ಟೇ ಬದಲಾದರೂ ಒಂದೇ ಮನೆಯ ವಿಷದಲ್ಲಿ ಹೋಲಿಕೆ ಉಳಿದಿರುತ್ತದೆ. ಇನ್ನು ನಮ್ಮ ದೇಶದ ಮಾತು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ. ಕಡಲ ಹಾವಿಗೆ ಅದು ರೂಪಿತವಾದದ್ದಲ್ಲ. ಹಾಗಾಗಿ ಕಚ್ಚಿದ್ದು ಕಡಲ ಹಾವೆಂದು ಗೊತ್ತಾದರೆ ವೈದ್ಯರು ಉಸಿರಾಟ, ಮೂತ್ರಪಿಂಡಗಳನ್ನು ಕಾಯುವ ಕಡೆಗೆ ಮೊದಲೇ ಗಮನ ಕೊಡಬಹುದು. ಗುರುತಿಸುವಿಕೆಯ ಬೆಲೆ ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಇರುತ್ತದೆ.

ಕಾನೂನಿನ ಕಡೆಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಹಾವುಗಳ ಪಟ್ಟಿ ಕುಟುಂಬವಾರು ಇತ್ತು. ಅದರಲ್ಲಿ ಎಲಾಪಿಡೆಯ ಎದುರು ನಾಗರ, ಕಟ್ಟುಹಾವು ಮತ್ತು ಹವಳದ ಹಾವುಗಳೆಂದೂ, ಹೈಡ್ರೋಫಿಡೆಯ ಎದುರು ಸಿಹಿನೀರಿನ ಮತ್ತು ಕಡಲಿನ ಹಾವುಗಳೆಂದೂ ಬರೆದಿತ್ತು. ಕಡಲ ಹಾವುಗಳು ನಾಗರಹಾವಿನ ಕುಟುಂಬದೊಳಗಿನವು ಎಂಬುದನ್ನು ಆ ಪಟ್ಟಿ ಹೇಳಲಿಲ್ಲ, ಕಾಲದ ಮಿತಿ ಎಂದು ಅದನ್ನು ಬಿಡಬಹುದು. ಆದರೆ ಕೆರೆಯ ನೀರೊಳ್ಳೆಯಂಥ ಸಿಹಿನೀರಿನ ಹಾವುಗಳಿಗೂ ಕಡಲ ಹಾವುಗಳಿಗೂ ನೀರಿನ ಹೊರತು ಯಾವ ನಂಟೂ ಇಲ್ಲ. ನೀರಿನಲ್ಲಿ ಇರುವವೆಲ್ಲ ಒಂದೇ ಎಂಬ ಎಣಿಕೆ ದೇಶದ ಕಾಯ್ದೆಯೊಳಗೂ ನುಸುಳಿತ್ತು. ಎಲ್ಲ ಕುಟುಂಬಗಳೂ ಪಟ್ಟಿಯಲ್ಲಿದ್ದ ಕಾರಣ ಆಗ ಹಾನಿಯಾಗಲಿಲ್ಲ. 2022ರ ತಿದ್ದುಪಡಿ ಆ ಅನುಸೂಚಿಗಳನ್ನು ಹೊಸದಾಗಿ ಬರೆಯಿತು, ಪ್ರಭೇದಗಳ ಹೆಸರಿಗೆ ಮಹತ್ವ ಬಂತು. ಪ್ರಭೇದದ ಹೆಸರಿನ ಮೇಲೆ ರಕ್ಷಣೆ ನಿಂತಾಗ, ಕೈಯಲ್ಲಿರುವ ಹಾವು ಯಾವ ಪ್ರಭೇದವೆಂದು ಹೇಳಬಲ್ಲವರು ಬಂದರುಗಳಲ್ಲಿ ಇಲ್ಲದಿದ್ದರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ.

ತಪ್ಪು ಗುರುತಿನಿಂದ ಒಂದು ಜೀವಿ ‘ಅಳಿದೇ ಹೋಯಿತು’ ಎಂದೆನಿಸಿಕೊಳ್ಳುವುದೂ ಉಂಟು. ಆಸ್ಟ್ರೇಲಿಯಾದ ವಾಯವ್ಯಕ್ಕಿರುವ ಆಶ್ಮೋರ್ ಹವಳದಿಬ್ಬದಲ್ಲಿ ಒಂದು ಕಾಲಕ್ಕೆ ಕಡಲ ಹಾವುಗಳು ತುಂಬಿದ್ದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಅವು ಕುಸಿದವು. ಅಲ್ಲಿನ ಎರಡು ಐಪಿಸೂರಸ್ ಪ್ರಭೇದಗಳು ಭೂಮಿಯಿಂದಲೇ ಕಣ್ಮರೆಯಾದವೆಂದು ಭಾವಿಸಲಾಯಿತು. ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಲ್ಲಿ ಅಪರೂಪಕ್ಕೆ ಸಿಗುತ್ತಿದ್ದ ಅವೇ ಜಾತಿಯ ಹಾವುಗಳನ್ನು ದಾರಿತಪ್ಪಿ ತೇಲಿಬಂದವೆಂದು ಪಕ್ಕಕ್ಕಿಡಲಾಗಿತ್ತು. ಮುಂದೆ ಸಂಗ್ರಹಗಳಲ್ಲಿದ್ದ ಮಾದರಿಗಳ ಹುರುಪೆಯನ್ನೂ ವಂಶವಾಹಿಯನ್ನೂ ಜೊತೆಯಾಗಿ ನೋಡಿದಾಗ ಅವು ಅಲ್ಲಿಯೇ ನೆಲೆಸಿ ಮರಿ ಹಾಕುತ್ತಿರುವ ಬೇರೆ ಸಂತತಿಗಳೆಂದು ತಿಳಿಯಿತು. ಸಂಗ್ರಹದಲ್ಲಿ ಸರಿಯಾದ ಹೆಸರುಪಟ್ಟಿಯೊಡನೆ ಇಟ್ಟ ಹಾವುಗಳಿಲ್ಲದಿದ್ದರೆ ಈ ಸಂತೋಷದ ಸುದ್ದಿಯೇ ಇರುತ್ತಿರಲಿಲ್ಲ.

ನಮ್ಮ ಪಕ್ಕದ ಸಿಂಧುದುರ್ಗದ ತೀರದಲ್ಲಿ ಮೀನುಬಲೆಗೆ ಬೀಳುವ ಕಡಲ ಹಾವುಗಳನ್ನು ಸಂಶೋಧಕರು ಎಣಿಸಿದ್ದಾರೆ. ಈ ಶತಮಾನದ ಆರಂಭದಲ್ಲಿ ಅಲ್ಲಿ ದಪ್ಪ ಮೈಯ ಹೈಡ್ರೋಫಿಸ್ ಕರ್ಟಸ್ ಹೆಚ್ಚಿತ್ತು. ಸುಮಾರು ಒಂದೂವರೆ ದಶಕದ ಮೇಲೆ ಎಣಿಸಿದಾಗ ಕೊಕ್ಕಿನ ಹಾವು ಮೇಲುಗೈ ಪಡೆದಿತ್ತು. ಈ ಪಲ್ಲಟ ಮೀನುಗಾರಿಕೆಯ ಒತ್ತಡಕ್ಕೆ ಸಂಬಂಧಿಸಿರಬಹುದು. ‘ಬಲೆಗೆ ಇಷ್ಟು ಕಡಲ ಹಾವು ಬಿತ್ತು’ ಎಂದು ಮಾತ್ರ ಬರೆದಿಟ್ಟಿದ್ದರೆ ಒಂದು ಹೋಗಿ ಇನ್ನೊಂದು ಬಂದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಟ್ಟು ಲೆಕ್ಕ ಮುಚ್ಚಿಟ್ಟದ್ದನ್ನು ಹೆಸರು ಹಿಡಿದು ಬರೆದ ಲೆಕ್ಕ ಬಿಚ್ಚಿ ಹೇಳಿತು. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಬಂದರುಗಳಲ್ಲೂ ಇಂಥ ಲೆಕ್ಕ ನಿರಂತರವಾಗಿ ನಡೆಯಬೇಕು.

ಇನ್ನು ಹುರುಪೆ ಎಣಿಸುವ ಕಾಲ ಮುಗಿಯಿತು, ವಂಶವಾಹಿ ಪರೀಕ್ಷೆಯೇ ಎಲ್ಲವನ್ನೂ ಹೇಳುತ್ತದೆ ಎನ್ನುವವರೂ ಇದ್ದಾರೆ. ಆ ಪರೀಕ್ಷೆ ಎರಡನೆಯ ಪ್ರಶ್ನೆಗೆ ಅದ್ಭುತ ಉತ್ತರ ಕೊಟ್ಟಿದೆ, ನಿಜ. ಆದರೆ ಬಲೆಯಿಂದ ಬಿಡಿಸಿದ ಹಾವು ನೀರಿಗೆ ಹೋಗಲು ಕೆಲವೇ ನಿಮಿಷ ಇರುವಾಗ ಪ್ರಯೋಗಾಲಯ ಅಲ್ಲಿರುವುದಿಲ್ಲ. ಅಲ್ಲಿ ಇರುವುದು ಕಣ್ಣು, ಕೈ, ಈಗ ಎಲ್ಲರ ಜೇಬಿನಲ್ಲೂ ಇರುವ ಮೊಬೈಲ್. ಅದಕ್ಕೆ ತಕ್ಕ ವಿದ್ಯೆ ಬೇಕು, ಅದೂ ಕನ್ನಡದಲ್ಲಿ, ತುಳು ಕೊಂಕಣಿಗಳಲ್ಲಿ. ಹಾವನ್ನು ಮುಟ್ಟದೆ, ದೂರದಿಂದ ನಾಲ್ಕು ಚಿತ್ರ ತೆಗೆದರೂ ಬಹುಪಾಲು ಪ್ರಭೇದಗಳನ್ನು ಹೇಳಬಹುದು. ಮೇಲಿನಿಂದ ತಲೆ, ಪಕ್ಕದಿಂದ ನಡುಮೈ, ಹೊರಳಿದಾಗ ಕಂಡ ಹೊಟ್ಟೆ, ಬಾಲ. ಗದ್ದ ಕಂಡರೆ ಇನ್ನೂ ಒಳ್ಳೆಯದು. ಜೊತೆಗೆ ಸಿಕ್ಕ ಜಾಗ, ಆಳ, ದಿನ. ಪ್ರತಿ ದಕ್ಕೆಯಲ್ಲೂ ದೊಡ್ಡ ಚಿತ್ರಗಳ ಫಲಕವೊಂದಿರಲಿ. ಅದರಲ್ಲಿ ಲ್ಯಾಟಿನ್ ಹೆಸರಿನ ಪಕ್ಕ ಮೀನುಗಾರರು ಕರೆಯುವ ಹೆಸರೂ ಇರಲಿ. ಆ ಹೆಸರುಗಳನ್ನು ಯಾರಾದರೂ ಕೂತು, ಕೇಳಿ, ಬರೆದುಕೊಳ್ಳಲಿ. ಎರಡು ಶತಮಾನದ ಹಿಂದೆ ಕೋರಮಂಡಲದಲ್ಲಿ ಒಬ್ಬ ಪರದೇಶದ ವೈದ್ಯ ಮಾಡಿದ ಕೆಲಸ ನಮ್ಮ ತೀರದಲ್ಲಿ ನಮ್ಮವರಿಂದ ಪೂರ್ತಿಯಾಗಲಿ.

ಕುಲದ ಹೆಸರು ಹೈಡ್ರೋಫಿಸ್‌ನಿಂದ ಎನ್‌ಹೈಡ್ರಿನಕ್ಕೆ ಹೋಗಿ ಮತ್ತೆ ಹೈಡ್ರೋಫಿಸ್‌ಗೆ ಮರಳುವಷ್ಟು ಹೊತ್ತೂ ‘ಬಲೆ ಕಡಿಯುವವನು’ ಎಂಬ ಹೆಸರು ಅಲುಗಲಿಲ್ಲ. ಅದನ್ನು ಇಟ್ಟವರು ಹಾವಿನ ವಂಶ ಕೇಳಿರಲಿಲ್ಲ, ಬಲೆಯಲ್ಲಿ ಅದನ್ನು ಕಂಡಿದ್ದರು. ಇಂದು ವಂಶದ ಕತೆಯೂ ನಮಗೆ ಗೊತ್ತಾಗಿದೆ. ಆ ಕತೆ ಮುಂದುವರಿಯಬೇಕಾದರೆ ಕೋಲಿನ ತುದಿಯಲ್ಲಿ ಹಾವನ್ನು ಎತ್ತಿದ ಆ ಮೂರನೆಯವರು ನೀರಿಗೆ ಬಿಡುವ ಮುನ್ನ ಒಂದು ಗಳಿಗೆ ಅದರ ಗದ್ದ ನೋಡಬೇಕು. ನೋಡಿದ್ದನ್ನು ಅವರು ಹೇಳಿದಾಗ ಬರೆದುಕೊಳ್ಳಲು ಅಲ್ಲಿ ಒಬ್ಬರು ಇರಬೇಕು.